ಹೆತ್ತೆ ತಿನ್ನದ ತೆಂಗಿನಕಾಯಿ ಕೇಕು

ನಮ್ಮ ಮನೆಯ ತೆಂಗಿನಕಾಯಿ ಕೇಕಿನ ಬಗ್ಗೆ ಕುಟುಂಬದಲ್ಲಿ ಓಡಾಡುತ್ತಿರುವ ಕಥೆ ಹೀಗಿದೆ. ಹೆತ್ತೆ, ಅಂದರೆ ನಮ್ಮ ಅಪ್ಪನ ತಾಯಿ, ಮೊಟ್ಟೆ ಹಾಕದ ಕೇಕೊಂದನ್ನು ತನ್ನ ಕೈಯಾರೆ ಮಾಡಿದಳು. ಅದರ ನಡುವೆ ಬಟ್ಟಲಿನಂಥ ಗುಳಿ ತೋಡಿ ಬೆಣ್ಣೆಯ ನೊರೆ ತುಂಬಿದಳು. ಮೊದಲ ತುಂಡನ್ನು ತಾನು ತಿಂದು, ಎರಡನೆಯದನ್ನು ನನ್ನ ಅಕ್ಕ ಗಿರಿಜೆಯ ಬಾಯಿಗಿಟ್ಟು, ಹೋಗಿ ಓದಿಕೊಂಡು ಬಾ ಎಂದು ಹರಸಿ ಅವಳನ್ನು ಕೊಯಮತ್ತೂರಿಗೆ ಕಳಿಸಿದಳು. ಈ ಕಥೆಯಲ್ಲಿ ನಿಜವಾದದ್ದು ಒಂದೇ: ಕೇಕು ಇತ್ತು. ನಾನು ಮೈಸೂರಿನಲ್ಲಿ ಪತ್ರಿಕೆಯೊಂದರ ಸುದ್ದಿಮನೆಯಲ್ಲಿ ಕೆಲಸ ಮಾಡಿ ನಿವೃತ್ತಳಾದವಳು. ಇಂಥ ವರದಿ ನನ್ನ ಮೇಜಿಗೆ ಬಂದಿದ್ದರೆ, ನೋಡಿದವರು ಯಾರು, ಕೇಳಿದವರು ಯಾರು, ಮತ್ತೆ ವಿಚಾರಿಸಿ ಬರೆಯಿರಿ ಎಂದು ಹಿಂದಕ್ಕೆ ಕಳಿಸುತ್ತಿದ್ದೆ. ಸಂಬಂಧಿಕರನ್ನು ಹಾಗೆ ಹಿಂದಕ್ಕೆ ಕಳಿಸಲು ಬರುವುದಿಲ್ಲ. ಈಚೆಗೆ ಊಟಿಯಲ್ಲಿ ನಮ್ಮ ಚಿಕ್ಕಪ್ಪನ ಮೊಮ್ಮಗಳು ನಂದಿನಿ ಅಡುಗೆಮನೆಯ ಕಟ್ಟೆಯ ಮೇಲೆ ಫೋನು ನಿಲ್ಲಿಸಿಕೊಂಡು ಈ ಕೇಕು ಮಾಡುತ್ತಿದ್ದಳು. ಓವನ್ನಿನಿಂದ ತೆಗೆದಾಗ ಕೇಕು ಒಳ್ಳೆ ದಿಂಬಿನ ಹಾಗೆ ಉಬ್ಬಿತ್ತು. ನಾನು ನೋಡುತ್ತಿದ್ದಂತೆಯೇ ಅವಳು ಒಂದು ಸ್ಟೀಲ್ ಬಟ್ಟಲನ್ನು ಅದರ ನಡುನೆತ್ತಿಯ ಮೇಲಿಟ್ಟು ಒತ್ತತೊಡಗಿದಳು.

"ಯಾಕೆ ಒತ್ತುತ್ತಿದ್ದೀ? ಚೆನ್ನಾಗಿ ಉಬ್ಬಿದೆಯಲ್ಲ."

"ಅಯ್ಯೋ ಮಾಮಿ, ಗುಳಿ ಇಲ್ಲದಿದ್ರೆ ಅದು ನಮ್ಮ ಮನೆ ಕೇಕೇ ಅಲ್ಲ. ಹೆತ್ತೆ ಹೀಗೇ ತಾನೇ ಮಾಡ್ತಿದ್ದದ್ದು?"

"ಹೆತ್ತೆ ಮಾಡಲೇ ಇಲ್ಲ. ಅದು ಕುಸಿದ ಕೇಕು."

"ವಿಡಿಯೋ ಓಡ್ತಾ ಇದೆ ಮಾಮಿ, ಆಮೇಲೆ ಹೇಳಿ."

ಆ 'ಆಮೇಲೆ' ಬರಲಿಲ್ಲ. ಮಾರನೆಯ ದಿನವೇ ನೆಂಟರಿಷ್ಟರ ಫೋನುಗಳಲ್ಲೆಲ್ಲ ಆ ವಿಡಿಯೋ ಹರಿದಾಡಿತು. ನಮ್ಮ ಪರಂಪರೆ, ನಮ್ಮ ಹೆತ್ತೆಯ ಕೈರುಚಿ ಎಂದು ಜನ ಕೈಮುಗಿದ ಚಿತ್ರಗಳನ್ನು ಹಾಕಿದರು. ಹೀಗಾಗಿ ಆಗ ಆ ಮನೆಯೊಳಗಿದ್ದ ನಾನು, ಕಂಡದ್ದನ್ನು ಕಂಡ ಹಾಗೆ ಬರೆಯುತ್ತಿದ್ದೇನೆ. ನಮ್ಮ ಮನೆಮಾತು ನೀಲಗಿರಿಯ ಬಡಗ. ಮಾತುಗಳನ್ನು ಓದುವವರಿಗೆ ತಿಳಿಯುವ ಕನ್ನಡಕ್ಕೆ ತಂದಿದ್ದೇನೆ. ಬೈಗುಳದ ಖಾರ ಅದರಿಂದ ಸ್ವಲ್ಪ ಇಳಿದಿದೆ.

ನಮ್ಮ ಮನೆ ಎಮರಾಲ್ಡ್ ಅಣೆಕಟ್ಟಿನ ಮೇಲಿನ ಒಂದು ಹಟ್ಟಿಯಲ್ಲಿತ್ತು. ಹಟ್ಟಿಯಲ್ಲಿ ಮನೆಗಳು ಒಂದೇ ಸಾಲಿನಲ್ಲಿ, ಗೋಡೆಗೆ ಗೋಡೆ ಅಂಟಿಕೊಂಡಿರುತ್ತವೆ. ಒಂದು ಮನೆಯಲ್ಲಿ ಒಗ್ಗರಣೆ ಹಾಕಿದರೆ ಮೂರನೇ ಮನೆಯವರು ಸೀನುತ್ತಿದ್ದರು. ನಮ್ಮ ಮನೆಯ ಜಗಳಕ್ಕೆ ಪಕ್ಕದ ಮನೆಯ ಮಾದಮ್ಮ ತನ್ನ ಒಲೆಯ ಮುಂದೆ ಕೂತುಕೊಂಡೇ ಗೋಡೆಯ ಮೂಲಕ ತೀರ್ಪು ಕೊಡುತ್ತಿದ್ದಳು. ಹೊರಕೋಣೆಯಲ್ಲಿ ಆಲೂಗಡ್ಡೆಯ ಚೀಲಗಳು, ಬಾಗಿಲ ಪಕ್ಕ ಹೆತ್ತೆಯ ಮಣೆ. ಒಳಗೆ ಒಲೆ, ಒಲೆಯ ಮೇಲೆ ಕಟ್ಟಿದ ಹಗ್ಗದಲ್ಲಿ ಯಾವಾಗಲೂ ಒಣಗುತ್ತಿದ್ದ ಅಪ್ಪನ ಖಾಕಿ ಅಂಗಿ. ಅಪ್ಪ ಅಣೆಕಟ್ಟಿನ ಪವರ್‌ಹೌಸಿನಲ್ಲಿ ಪಾಳಿಯ ಮೇಲೆ ಕೆಲಸ ಮಾಡುತ್ತಿದ್ದರು. ಆ ಅಂಗಿಗೆ ಸದಾ ಹೊಗೆಯ ವಾಸನೆ ಇರುತ್ತಿದ್ದುದರಿಂದ, ಅಲ್ಲಿನವರು ಅವರನ್ನು ಕಣ್ಣುಮುಚ್ಚಿಕೊಂಡೇ ಗುರುತಿಸುತ್ತಾರೆ ಎಂದು ಚಿಕ್ಕಪ್ಪ ನಗುತ್ತಿದ್ದ. ಚಿಕ್ಕಪ್ಪ ಚಹಾ ಫ್ಯಾಕ್ಟರಿಗೆ ಎಲೆ ಸಾಗಿಸುವ ಲಾರಿ ಓಡಿಸುತ್ತಿದ್ದ. ಆಗಿನ್ನೂ ಮದುವೆಯಾಗಿರಲಿಲ್ಲ, ಆದ್ದರಿಂದ ಎಲ್ಲರ ವಿಷಯದಲ್ಲೂ ಮಾತಾಡಲು ಅವನಿಗೆ ಸಮಯವಿತ್ತು.

ಒಲೆಯ ಕೋಣೆಗೆ ಹೊಂದಿಕೊಂಡು ಹಾಲಿನ ಕೋಣೆ. ಹಾಗೊಟ್ಟು ಎಂದು ಅದರ ಹೆಸರು. ಹಾಲು, ಮೊಸರು, ಬೆಣ್ಣೆ, ಕಡೆಯುವ ಕೋಲು ಎಲ್ಲ ಇರುವುದು ಅದರೊಳಗೆ. ಹೆಂಗಸರು ಅಲ್ಲಿ ಕಾಲಿಡುವಂತಿಲ್ಲ. ನಮ್ಮವರಲ್ಲಿ ಹಾಲು ಕರೆಯುವುದೂ ಮಜ್ಜಿಗೆ ಕಡೆಯುವುದೂ ಗಂಡಸರ ಕೆಲಸ. ಹೆಂಗಸರು ಹೊಸ್ತಿಲಾಚೆ ನಿಂತು ಪಾತ್ರೆ ಒಡ್ಡಬೇಕು, ಅವರು ಹಾಕಿದಷ್ಟನ್ನು ತೆಗೆದುಕೊಳ್ಳಬೇಕು. ಈ ಕಟ್ಟಳೆ ಎಮ್ಮೆಗಳ ಹಿಂಡೇ ಇದ್ದ ಕಾಲದ್ದು. ನಾನು ಕಣ್ಣು ಬಿಡುವ ಹೊತ್ತಿಗೆ ಎಮ್ಮೆಗಳೆಲ್ಲ ಹೋಗಿ ಒಂದೇ ಒಂದು ಜರ್ಸಿ ಹಸು ಉಳಿದಿತ್ತು. ಕಟ್ಟಳೆ ಮಾತ್ರ ಇಡೀ ಹಿಂಡಿಗೆ ಮಾಡಿದ್ದು ಹಾಗೇ ಇತ್ತು. ಮನೆಯಲ್ಲಿ ಗಂಡಸರಿಲ್ಲದ ಹೊತ್ತಿನಲ್ಲಿ ನೆಂಟರು ಬಂದರೆ, ಎರಡು ಮಾರು ದೂರದಲ್ಲಿ ಹಾಲು ಇಟ್ಟುಕೊಂಡು ಅಮ್ಮ ಕರಿಚಹಾ ಕೊಡುತ್ತಿದ್ದಳು.

ಅಕ್ಕ ಪ್ಲಸ್ ಟೂ ಮುಗಿಸಿದ ವರ್ಷ ಅದು. ಅವಳಿಗೆ ಕೊಯಮತ್ತೂರಿನ ಹೆಂಗಸರ ಕಾಲೇಜಿನಲ್ಲಿ ಕೇಟರಿಂಗ್ ಕೋರ್ಸಿಗೆ ಸೀಟು ಸಿಕ್ಕಿತ್ತು. ಸೋಮವಾರ ತಂದೆಯೋ ತಾಯಿಯೋ ಜತೆಗೆ ಹೋಗಿ ಸೇರಿಸಿ ಬರಬೇಕು, ಇಲ್ಲದಿದ್ದರೆ ಸೀಟು ಹೋಯಿತು. ಅಮ್ಮನಿಗೆ ಒಪ್ಪಿಗೆ ಇತ್ತು. ಅಪ್ಪನಿಗೂ ಇತ್ತೆಂದು ಕಾಣುತ್ತದೆ, ಆದರೆ ಅವರು ಯಾವ ವಿಷಯಕ್ಕೂ ಬಾಯಿಬಿಟ್ಟು ಹೌದು ಎಂದವರಲ್ಲ. ಒಪ್ಪದೇ ಇದ್ದವಳು ಹೆತ್ತೆ. ಅವಳು ಲಿಂಗಪೂಜೆ ಮಾಡದೆ ನೀರು ಕುಡಿಯದವಳು. ಬೇಕರಿಯ ಬಿಸ್ಕತ್ತು ಸಹ ಮುಟ್ಟದವಳು. ಅವಳ ಮಾತು ಮೀರಿ ಅಪ್ಪ ಅಲ್ಲಿಯವರೆಗೆ ಒಂದು ಗಿಡವನ್ನೂ ನೆಟ್ಟಿರಲಿಲ್ಲ.

"ಕೊಯಮತ್ತೂರಿಗೆ ಹೋಗಿ ಮೊಟ್ಟೆ ಒಡೆಯೋದು ಕಲೀತೀಯಾ?"

"ಅದೊಂದೇ ಅಲ್ಲ ಹೆತ್ತೆ, ಎಲ್ಲ ಕಲಿಸ್ತಾರೆ."

"ಎಲ್ಲದರಲ್ಲಿ ಅದೂ ಇದೆ ತಾನೇ? ಆ ಕೈಯಲ್ಲಿ ನೀ ನಾಳೆ ನನ್ನ ಬಾಯಿಗೆ ನೀರು ಬಿಡ್ತೀಯಾ? ಸಾಯೋ ಹೊತ್ತಿಗೆ ಯಾರ ಕೈಯ ನೀರಪ್ಪ ಇದು ಅಂತ ನಾನು ಯೋಚನೆ ಮಾಡ್ತಾ ಕೂರಲಾ?"

"ಮೊಟ್ಟೆ ಇಲ್ಲದೆಯೂ ಕೇಕ್ ಆಗುತ್ತೆ. ನಾನು ಮಾಡ್ತೀನಿ. ನೀ ತಿಂತೀಯಾ ಹೇಳು."

ಅಪ್ಪ ಪಾಳಿಗೆ ಹೊರಟು ಬಾಗಿಲಲ್ಲಿ ಮಫ್ಲರ್ ಸುತ್ತಿಕೊಳ್ಳುತ್ತಿದ್ದರು. ಜಗಳದಿಂದ ಪಾರಾಗಲು ಅವರಿಗೆ ಅಷ್ಟೇ ಸಂದು ಸಾಕಾಯಿತು.

"ಮಾಡಲಿ ಬಿಡವ್ವೆ. ನೀ ತಿಂದು ನೋಡು. ನೀ ತಿಂದರೆ ಹೋಗಲಿ."

ಹೇಳಿದವರೇ ಇಳಿಜಾರಿನಲ್ಲಿ ಇಳಿದು ಹೋದರು. ಒಂದು ಹುಡುಗಿಯ ಓದು ಒಂದು ಮುದುಕಿಯ ನಾಲಗೆಯ ಮೇಲೆ ಹೋಗಿ ಕೂತದ್ದು ಹೀಗೆ. ಇದು ಸರಿಯೇ ಎಂದು ಯಾರೂ ಕೇಳಲಿಲ್ಲ. ಎಲ್ಲರೂ ಕೇಕು ಮಾಡುವುದು ಹೇಗೆಂಬ ಚರ್ಚೆಗೆ ಇಳಿದುಬಿಟ್ಟರು.

ಕೇಕಿನ ಅಳತೆ ಅಕ್ಕನ ಗೆಳತಿಯ ಚಿಕ್ಕಮ್ಮನಿಂದ ಬಂದದ್ದು. ಅವರು ಇದ್ದದ್ದು ಕೊಯಮತ್ತೂರಿನಲ್ಲಿ. ಮೈದಾ, ಸಕ್ಕರೆ, ಮೊಸರು, ಅಡುಗೆ ಸೋಡಾ, ತುರಿದ ಕಾಯಿ, ಕಾಯಿಹಾಲು. ಮೇಲೆ ಹಚ್ಚಲು ಬೆಣ್ಣೆ ಮತ್ತು ಸಕ್ಕರೆಪುಡಿಯನ್ನು ಬೆಳ್ಳಗೆ ನೊರೆಯಾಗುವವರೆಗೆ ಕಡೆಯಬೇಕು. ಅಕ್ಕನಿಗೆ ಅದು ಬಾಯಿಪಾಠವಾಗಿತ್ತು. ಅಷ್ಟು ಸಾಕು ಎಂದು ಅವಳು ತಿಳಿದದ್ದು, ನಮ್ಮ ಮನೆಯಲ್ಲೇ ಹುಟ್ಟಿ ಬೆಳೆದ ಹುಡುಗಿಗೆ ಇರಬಾರದ ಅಮಾಯಕತೆ.

ಮೊದಲ ತಕರಾರು ತೆಂಗಿನಕಾಯಿಯಿಂದ. ನಮ್ಮ ಎತ್ತರದಲ್ಲಿ ತೆಂಗು ಬೆಳೆಯುವುದಿಲ್ಲ. ಕಾಯಿ ಕೆಳಗಿನ ಮೇಟ್ಟುಪಾಳಯದಿಂದ ಘಾಟಿ ಹತ್ತಿ ಬರಬೇಕು. ಬಂದ ಕಾಯಿ ಮೊದಲು ದೇವರ ಮುಂದೆ ಒಡೆದು ಆಮೇಲೆ ಅಡುಗೆಗೆ. ಶುಕ್ರವಾರ ಹೆತ್ತೆ ಒಡೆದ ಕಾಯಿ ಒಳಗೆ ಕೆಟ್ಟಿತ್ತು. ಅದರ ವಾಸನೆ ಹೊರಕೋಣೆಯವರೆಗೆ ಬಂತು.

"ನೋಡು, ದೇವರೇ ಬೇಡ ಅಂದ," ಹೆತ್ತೆ ಎರಡು ಹೋಳನ್ನೂ ಅಕ್ಕನ ಮುಂದೆ ಹಿಡಿದಳು.

"ದೇವರು ಅಂದದ್ದಲ್ಲ ಹೆತ್ತೆ. ಚಿಕ್ಕಪ್ಪ ಅಲ್ಲಾಡಿಸಿ ನೋಡದೆ ತಂದದ್ದು."

"ನಾನು ಲಾರಿ ಓಡಿಸ್ತಾ ಕಾಯಿ ಅಲ್ಲಾಡಿಸಲಾ?" ಚಿಕ್ಕಪ್ಪ ಅಂದ. "ಘಾಟಿ ರಸ್ತೇಲಿ ಅದು ತಾನೇ ಅಲ್ಲಾಡಿಕೊಂಡು ಬಂದಿದೆ. ಇನ್ನೇನು ಅಲ್ಲಾಡಿಸೋದು?"

ಅವನು ಶನಿವಾರ ಇನ್ನೊಂದು ಕಾಯಿ ತಂದ. ಅದು ಚೆನ್ನಾಗಿತ್ತು. ಹೆತ್ತೆ ಅದನ್ನು ಒಡೆದು, ಹೋಳುಗಳನ್ನು ಮೂಸಿ, ಏನೂ ಹೇಳದೆ ಅಕ್ಕನ ಕಡೆ ತಳ್ಳಿದಳು. ದೇವರು ಮನಸ್ಸು ಬದಲಿಸಿದನೇ ಎಂದು ಕೇಳಲು ನನಗೆ ತುಂಬ ಆಸೆಯಾಯಿತು. ಅಮ್ಮ ನನ್ನ ಮುಖ ನೋಡಿಯೇ ನೀರು ತರಲು ಕಳಿಸಿದಳು.

ಓವನ್ ಎಂಬ ವಸ್ತು ಹಟ್ಟಿಯಲ್ಲಿ ಯಾರ ಮನೆಯಲ್ಲೂ ಇರಲಿಲ್ಲ. ನೀರು ಕಾಯಿಸುವ ಹಂಡೆಗೆ ಹಳ್ಳದ ಮರಳು ಹಾಕಿ ಒಲೆಯ ಮೇಲಿಟ್ಟು, ಅದರೊಳಗೆ ಕೇಕಿನ ತಟ್ಟೆ ಇಟ್ಟು, ಮುಚ್ಚಳದ ಮೇಲೆ ಕೆಂಡ ಹರವಿದರು. ಅಕ್ಕ ಹೊಗೆಗೆ ಕಣ್ಣು ಕೆಂಪು ಮಾಡಿಕೊಂಡು ಮುಂದೆ ಕೂತಳು. ಸ್ವಲ್ಪ ಹೊತ್ತಿಗೆ ಮನೆಯೆಲ್ಲ ಬೆಂದ ಕಾಯಿಯ ಪರಿಮಳ. ಗೋಡೆಯಾಚೆಯಿಂದ ಮಾದಮ್ಮ, "ಆಯ್ತಾ?" ಎಂದಳು. ಮುಚ್ಚಳ ಸರಿಸಿದಾಗ ಕೇಕು ಅಂಚು ಮೀರಿ ಉಬ್ಬಿತ್ತು. ಅಕ್ಕನ ಮುಖವೂ ಉಬ್ಬಿತು. ನಾವೆಲ್ಲ ಬಗ್ಗಿ ನೋಡುತ್ತಿದ್ದಂತೆ ಅದು ನಿಟ್ಟುಸಿರು ಬಿಟ್ಟ ಹಾಗೆ ನಡುವೆ ಇಳಿಯಿತು. ಇಳಿದು, ಇಳಿದು, ನಾಯಿ ಮಲಗಿ ಎದ್ದು ಹೋದ ಹುಲ್ಲಿನ ಹಾಗೆ ಗುಳಿಯಾಗಿ ನಿಂತಿತು.

ಕಾರಣಗಳಿಗೇನೂ ಬರವಿರಲಿಲ್ಲ. ಮಾದಮ್ಮ ಬಾಯಿ ಹಾಕಿದ್ದರಿಂದ ದೃಷ್ಟಿಯಾಯಿತು ಎಂದು ಅಮ್ಮ. ಬಾಗಿಲು ದಡಾರನೆ ಹಾಕಿದ್ದರಿಂದ ಎಂದು ಚಿಕ್ಕಪ್ಪ, ಹಾಕಿದವನು ಅವನೇ. ಮಡಿಯಿಲ್ಲದ ಮನಸ್ಸಿನಿಂದ ಮಾಡಿದರೆ ಹೀಗೇ ಎಂದು ಹೆತ್ತೆ. ಅಕ್ಕ ಭಾನುವಾರ ಬೆಳಿಗ್ಗೆ ಇನ್ನೊಂದು ಮಾಡಿದಳು. ಈ ಸಲ ಮಾದಮ್ಮ ಮಾತಾಡಲಿಲ್ಲ, ಬಾಗಿಲನ್ನು ನಾನು ಹಿಡಿದುಕೊಂಡು ನಿಂತಿದ್ದೆ, ಅಕ್ಕ ತಲೆಗೆ ಸ್ನಾನ ಮಾಡಿದ್ದಳು. ಕೇಕು ಉಬ್ಬಿತು, ಕುಸಿಯಿತು. ಬಹಳ ವರ್ಷಗಳ ನಂತರ ಪುರವಣಿಗೆ ಬಂದ ಒಂದು ಲೇಖನವನ್ನು ತಿದ್ದುವಾಗ ನನಗೆ ಕಾರಣ ಸಿಕ್ಕಿತು. ಎತ್ತರದ ಜಾಗದಲ್ಲಿ ಗಾಳಿಯ ಒತ್ತಡ ಕಡಿಮೆ, ಅಲ್ಲಿ ಬಯಲುಸೀಮೆಯ ಅಳತೆಯ ಸೋಡಾ ಹಾಕಿದರೆ ಹಿಟ್ಟು ಬೇಯುವ ಮೊದಲೇ ಉಬ್ಬಿ ಬೀಳುತ್ತದೆ. ನಮ್ಮಲ್ಲಿ ಬೇಳೆ ಬೇಯಲು ಕೆಳಗಿನ ಊರುಗಳಿಗಿಂತ ಹೆಚ್ಚು ಹೊತ್ತು ಬೇಕೆಂದು ಹಟ್ಟಿಯ ಪ್ರತಿ ಹೆಂಗಸಿಗೂ ಗೊತ್ತಿತ್ತು. ಬೇಳೆಗೆ ಅಡ್ಡ ಬರುವ ಬೆಟ್ಟವೇ ಕೇಕಿಗೂ ಅಡ್ಡ ಬರುತ್ತದೆ ಎಂದು ಒಬ್ಬರಿಗೂ ಹೊಳೆಯಲಿಲ್ಲ. ಅಷ್ಟೊಂದು ಮಾತಿನ ಬಾಯಿಗಳಿದ್ದ ಮನೆಯಲ್ಲಿ ಆ ಒಂದು ಮಾತು ಹುಟ್ಟಲಿಲ್ಲ.

ಮೈದಾ ಮುಗಿದಿತ್ತು. ಅಂಗಡಿಗೆ ಹೋಗಬೇಕಾದರೆ ಎಮರಾಲ್ಡಿಗೆ ಇಳಿಯಬೇಕು, ಭಾನುವಾರ ಅದೂ ಮುಚ್ಚಿರುತ್ತದೆ. ಅಕ್ಕ ಕುಸಿದ ಕೇಕನ್ನು ಮೊಣಕಾಲ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು.

"ಗುಂಡಿ ಮುಚ್ಚಿಬಿಡೋಣ," ಅಂದಳು.

"ಏನು ಹಾಕಿ?" ಅಂದಳು ಅಮ್ಮ.

"ನೊರೆ. ಮೇಲೆ ಹಚ್ಚೋ ಬದಲು ಒಳಗೇ ಸುರೀತೀನಿ. ಸಮ ಆದರೆ ಯಾರಿಗೆ ಗೊತ್ತಾಗುತ್ತೆ?"

ಇವತ್ತು ವಿಡಿಯೋದಲ್ಲಿ ಪರಂಪರೆ ಎನ್ನಿಸಿಕೊಂಡಿರುವುದು ಇದು: ರಸ್ತೆಯ ಗುಂಡಿಗೆ ಜಲ್ಲಿ ತುಂಬುವ ಉಪಾಯ.

ನೊರೆಗೆ ಬೆಣ್ಣೆ ಬೇಕು. ಬೆಣ್ಣೆ ಹಾಗೊಟ್ಟಿನಲ್ಲಿದೆ. ಅಪ್ಪ ಪಾಳಿಯಿಂದ ಬಂದಿರಲಿಲ್ಲ. ಅಕ್ಕ ಹೊಸ್ತಿಲಾಚೆ ಪಾತ್ರೆ ಹಿಡಿದು ನಿಂತಳು, ಚಿಕ್ಕಪ್ಪ ಹೊರಕೋಣೆಯಲ್ಲಿ ಕಾಲು ಚಾಚಿ ಮಲಗಿದ್ದ. ಅವನನ್ನು ಎಬ್ಬಿಸಲು ಅಮ್ಮ ಎರಡು ಸಲ ಚಹಾ ಕೊಟ್ಟಳು. ಎದ್ದು, ಕೈಕಾಲು ತೊಳೆದು, ಒಳಗೆ ಹೋಗಿ, ಬೆಣ್ಣೆಯ ಉಂಡೆಯನ್ನು ಪಾತ್ರೆಗೆ ಹಾಕಿದ. ಅದು ಕಲ್ಲಿನ ಹಾಗೆ ಠಣ್ ಎಂದಿತು. ನಮ್ಮ ಚಳಿಗೆ ಬೆಣ್ಣೆ ಬೆಣ್ಣೆಯಾಗಿ ಇರುವುದಿಲ್ಲ. ಒಲೆಯ ಪಕ್ಕ ಇಟ್ಟರೆ ಒಂದು ಮಗ್ಗುಲು ಕರಗಿ ತುಪ್ಪದ ದಾರಿ ಹಿಡಿಯಿತು, ಇನ್ನೊಂದು ಮಗ್ಗುಲು ಕಲ್ಲಾಗಿಯೇ ಉಳಿಯಿತು. ಅಕ್ಕ ಅಂಗಳದಲ್ಲಿ ಬಿಸಿಲಿಗೆ ಕೂತಳು, ಕಣಿವೆಯಿಂದ ಮಂಜು ಎದ್ದು ಬಿಸಿಲನ್ನು ಮುಚ್ಚಿತು. ಸೌಟಿನಲ್ಲಿ ತಿರುವಿದಳು, ಕೈಯಲ್ಲಿ ಹಿಸುಕಿದಳು. ಸಕ್ಕರೆ ಬೇರೆ, ಬೆಣ್ಣೆ ಬೇರೆಯಾಗಿ ನಿಂತವು. ಕೊನೆಗೆ ಅವಳೇ ಹೇಳಿದಳು, ಇದಕ್ಕೆ ಕಡೆಗೋಲೇ ಆಗಬೇಕು.

"ಚಿಕ್ಕಪ್ಪ, ಸ್ವಲ್ಪ ಕಡೆದುಕೊಡು."

"ಮಜ್ಜಿಗೆ ಕಡೆಯೋದು ಗಂಡಸರ ಕೆಲಸ. ಸಕ್ಕರೆ ಕಡೆಯೋದು ಯಾರ ಕೆಲಸ ಅಂತ ಹಿರಿಯರು ಹೇಳಿಲ್ಲ."

"ಹಾಗಾದರೆ ಕೋಲು ಕೊಡು, ನಾನೇ ಕಡೀತೀನಿ."

"ಹೆಂಗಸಿನ ಕೈಗೆ ಕಡೆಗೋಲಾ? ನನ್ನ ಅವ್ವೆ ಆ ಕೋಲಿನಲ್ಲೇ ನನ್ನ ಬೆನ್ನು ಕಡೀತಾಳೆ."

ಅವನು ಅಂಗಿ ಕೊಡವಿಕೊಂಡು ಹೊರಗೆ ಹೋದ. ಅಕ್ಕ ಅಲ್ಲೇ ಒಲೆಯ ಮುಂದೆ ಕೂತು ಅತ್ತಳು. ಅಳುವಾಗಲೂ ಅವಳ ಕೈ ಪಾತ್ರೆಯಲ್ಲಿ ತಿರುಗುತ್ತಲೇ ಇತ್ತು.

ಅಪ್ಪ ಬಂದದ್ದು ಆ ಹೊತ್ತಿಗೆ. ರಾತ್ರಿಪಾಳಿ ಮುಗಿಸಿ, ಬದಲಿ ಬರುವವನು ತಡಮಾಡಿದ್ದಕ್ಕೆ ಬೆಳಗಿನ ಅರ್ಧ ಪಾಳಿಯನ್ನೂ ಮಾಡಿ ಬಂದಿದ್ದರು. ಕಣ್ಣು ಗುಳಿಬಿದ್ದಿದ್ದವು. ಅಮ್ಮ ಒಂದೇ ಉಸಿರಿಗೆ ಎಲ್ಲ ಹೇಳಿದಳು. ಅವರು ಅಕ್ಕನನ್ನೂ ಪಾತ್ರೆಯನ್ನೂ ನೋಡಿದರು. ಯಾರ ಮೇಲೂ ರೇಗಲಿಲ್ಲ. ಹೊರಗೆ ನಲ್ಲಿಯಲ್ಲಿ ಸ್ನಾನ ಮಾಡಿದ ಸದ್ದು ಕೇಳಿಸಿತು. ಆ ನೀರಿನಲ್ಲಿ ಮುಖ ತೊಳೆಯಲೂ ನಾವು ಹೆದರುತ್ತಿದ್ದೆವು. ಪಂಚೆ ಉಟ್ಟು ಬಂದು, ಹಾಗೊಟ್ಟಿನೊಳಗೆ ಹೋಗಿ, ಕಡೆಗೋಲನ್ನೂ ಹಗ್ಗವನ್ನೂ ಹಿಡಿದುಕೊಂಡು ಹೊರಬಂದರು. ಹೊರಕೋಣೆಯಲ್ಲಿ ಬೆಳಕಿಗೆ ಬಾಗಿಲು ತೆರೆದಿಟ್ಟು, ಕಂಬಕ್ಕೆ ಹಗ್ಗ ಕಟ್ಟಿ, ಪಾತ್ರೆಯನ್ನು ಪಾದಗಳ ನಡುವೆ ಇಟ್ಟುಕೊಂಡು ಕಡೆಯತೊಡಗಿದರು. ಹಟ್ಟಿಯವರೆಲ್ಲ ಓಡಾಡುವ ದಾರಿ ಅದು. ಮಾದಮ್ಮ ಬಾಗಿಲಲ್ಲಿ ನಿಂತಳು.

"ಏನಣ್ಣಾ, ಪವರ್‌ಹೌಸಿನಲ್ಲಿ ತಿರುಗಿಸಿದ್ದು ಸಾಲಲಿಲ್ವಾ?"

"ಇದಕ್ಕೆ ಕರೆಂಟು ಬರಲ್ಲ ಮಾದಮ್ಮ. ಕೈಯಲ್ಲೇ ತಿರುಗಿಸಬೇಕು."

"ಏನದು, ಸುಣ್ಣವಾ?"

"ಗಿರಿಜೆಯ ಪರೀಕ್ಷೆ."

ಅವರು ನಿಲ್ಲಿಸಲಿಲ್ಲ. ಅಕ್ಕ ಸ್ವಲ್ಪ ಸ್ವಲ್ಪವೇ ಕಾಯಿಹಾಲು ಬಿಡುತ್ತ ಹೋದಳು. ಹಳದಿ ಬಣ್ಣ ಹೋಗಿ ಬಿಳಿಯಾಯಿತು, ಗಂಟು ಒಡೆಯಿತು, ಆಮೇಲೆ ಇದ್ದಕ್ಕಿದ್ದಂತೆ ಅದು ಪಾತ್ರೆಯಲ್ಲಿ ಎದ್ದು ಬಂತು. ಹತ್ತಿಯ ಹಾಗೆ, ಕಣಿವೆಯಲ್ಲಿ ಬೆಳಿಗ್ಗೆ ನಿಂತಿರುವ ಮಂಜಿನ ಹಾಗೆ. ಅಪ್ಪನ ಮೀಸೆಯ ತುದಿಗೆ ಒಂದು ಚೂರು ಹಾರಿ ಕೂತಿತ್ತು. ಅದನ್ನು ಒರೆಸಿಕೊಳ್ಳಿ ಎಂದು ಹೇಳುವಷ್ಟು ಧೈರ್ಯ ಯಾರಿಗೂ ಬರಲಿಲ್ಲ. ಅಕ್ಕ ನೊರೆಯನ್ನು ಗುಳಿಗೆ ತುಂಬಿ ಮೇಲೆ ಕಾಯಿತುರಿ ಉದುರಿಸಿದಳು. ನೋಡಲು ಚೆನ್ನಾಗಿತ್ತು ಎಂದು ಬರೆಯಲೇಬೇಕು.

ಹೆತ್ತೆ ಹಿತ್ತಲಿನ ಪಾತಿಯಲ್ಲಿ ಕಳೆ ಕಿತ್ತು, ಬಂದು ಸ್ನಾನ ಮಾಡಿ, ಪೂಜೆ ಮುಗಿಸಿ, ತನ್ನ ಮಣೆಯ ಮೇಲೆ ಕೂತಾಗ ಮಧ್ಯಾಹ್ನವಾಗಿತ್ತು. ಚಿಕ್ಕಪ್ಪ ಊಟದ ವಾಸನೆಗೆ ವಾಪಸ್ಸು ಬಂದಿದ್ದ.

"ಇದೇನು ಎಮರಾಲ್ಡ್ ಡ್ಯಾಮಾ? ನಡುವೆ ತುಂಬಿ ನಿಂತಿದೆ," ಅಂದ.

ಅಕ್ಕ ಒಂದು ತುಂಡನ್ನು ತಟ್ಟೆಯಲ್ಲಿಟ್ಟು ಹೆತ್ತೆಯ ಮುಂದಿಟ್ಟಳು. ಹೆತ್ತೆ ಅದನ್ನು ಕೈಗೆತ್ತಿಕೊಂಡಳು. ಮೂಸಿದಳು. ಅವಳ ಮುಖ ಗಟ್ಟಿಯಾಗಿರಲಿಲ್ಲ, ಇದನ್ನು ನಾನು ಪ್ರಮಾಣ ಮಾಡಿ ಹೇಳಬಲ್ಲೆ. ಇನ್ನೊಂದು ಗಳಿಗೆ ಕಳೆದಿದ್ದರೆ ತಿನ್ನುತ್ತಿದ್ದಳೋ ಏನೋ. ಅಷ್ಟರಲ್ಲಿ ಕಂಬದ ಬುಡದಲ್ಲಿ ಒರಗಿಸಿಟ್ಟಿದ್ದ ಕಡೆಗೋಲು ಅವಳ ಕಣ್ಣಿಗೆ ಬಿತ್ತು.

"ಇದು ಯಾಕೆ ಹೊರಗಿದೆ?"

ಹೆತ್ತೆ ಕೋಲಿನ ತುದಿಗೆ ಅಂಟಿದ್ದ ನೊರೆಯನ್ನು ಬಗ್ಗಿ ನೋಡಿದಳು.

"ಇದರಲ್ಲಿ ಕಡೆದದ್ದು ಯಾರು?"

"ನಾನು," ಅಪ್ಪ ಅಂದರು.

"ಹಾಲಿನ ಕೋಣೆಯ ಕೋಲಿನಲ್ಲಿ ಸಕ್ಕರೆ ಕಡೆದೆಯಾ? ನಿನ್ನಪ್ಪ ಹಿಡಿದ ಕೋಲು ಅದು. ಅವನು ಹಾಲು ಮೊಸರು ಬಿಟ್ಟು ಬೇರೆ ಯಾವುದಕ್ಕೂ ಅದನ್ನ ತಾಗಿಸಿದವನಲ್ಲ." ಅವಳು ತಟ್ಟೆಯನ್ನು ನೆಲಕ್ಕಿಟ್ಟಳು. "ಇದನ್ನ ನಾನು ತಿನ್ನಲ್ಲ."

ಅಮ್ಮ ಆ ಮನೆಯಲ್ಲಿ ತನ್ನ ಅತ್ತೆಯ ಮುಂದೆ ಗಟ್ಟಿಯಾಗಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ಹೆಂಗಸು ಕಡೆದರೆ ತಪ್ಪು. ಗಂಡಸು ಕಡೆದರೂ ತಪ್ಪು. ಕಡೆಯದಿದ್ದರೆ ನೊರೆ ಬರಲ್ಲ, ನೊರೆ ಬರದಿದ್ದರೆ ಗುಂಡಿ, ಗುಂಡಿ ಇದ್ದರೆ ಮನಸ್ಸಲ್ಲಿ ಮಡಿ ಇಲ್ಲ! ಈ ಹುಡುಗಿ ಯಾವ ಕಡೆಯಿಂದ ಬರಬೇಕು ಅಂತ ಒಂದು ಸಲ ಹೇಳಿಬಿಡಿ ಮಾಮಿ."

ಗೋಡೆಯಾಚೆ ಮಾದಮ್ಮನ ಪಾತ್ರೆಯ ಸದ್ದು ನಿಂತಿತು. ಅಪ್ಪ ಎದ್ದು ಬಂದರು. ಹೆತ್ತೆಯ ಮುಂದಿದ್ದ ತಟ್ಟೆಯನ್ನು ಎತ್ತಿಕೊಂಡರು. ನಮ್ಮಲ್ಲಿ ತಾಯಿಗೆ ಇಟ್ಟ ತಟ್ಟೆಯನ್ನು ಮಗ ಹಾಗೆ ಎತ್ತುವುದಿಲ್ಲ. ನಿಂತುಕೊಂಡೇ ತಿಂದರು, ಪೂರ್ತಿ, ನಿಧಾನವಾಗಿ.

"ಚೆನ್ನಾಗಿದೆ," ಎಂದರು. "ಗಿರಿಜೆ ನಾಳೆ ಹೋಗ್ತಾಳೆ. ನಾನೇ ಕರ್ಕೊಂಡು ಹೋಗ್ತೀನಿ."

"ನಾ ತಿಂದರೆ ತಾನೇ ಹೋಗೋದು ಅಂತ ಮಾತಾದದ್ದು?"

"ನೀ ತಿಂದರೆ ಹೋಗಲಿ ಅಂದೆ ಅವ್ವೆ. ತಿನ್ನದಿದ್ದರೆ ಬೇಡ ಅಂತ ನಾನು ಹೇಳಲಿಲ್ಲ."

ಮಲಗಲು ಹೋದರು. ನಡೆದದ್ದು ಇಷ್ಟು. ಮಾರನೆಯ ಬೆಳಿಗ್ಗೆ ಅಪ್ಪ ಮತ್ತು ಅಕ್ಕ ಮೊದಲ ಬಸ್ಸಿಗೆ ಹೊರಟಾಗ ಹೆತ್ತೆ ಪೂಜೆಗೆ ಕೂತಿದ್ದಳು, ತಿರುಗಿ ನೋಡಲಿಲ್ಲ. ಹರಸಿದಳು ಎನ್ನುವವರು ಅಲ್ಲಿರಲಿಲ್ಲ, ನಾನಿದ್ದೆ. ಬಸ್ಸಿನ ತಿರುವಿನವರೆಗೆ ಅಕ್ಕನ ಚೀಲ ಹೊತ್ತು ಹೋದವಳು ನಾನು. ಅವಳಿಗೆ ಸಂತೋಷವಾಗಿದೆ ಎಂದುಕೊಂಡಿದ್ದೆ. ಅವಳು ಸಿಟ್ಟಾಗಿದ್ದಳು.

"ಒಂದು ಚೂರು ಬಾಯಿಗೆ ಹಾಕಿಕೊಂಡಿದ್ದರೆ ಅವಳಿಗೆ ಏನು ಹೋಗ್ತಿತ್ತು?" ಅಂದಳು. ಬಸ್ಸು ಬರುವವರೆಗೂ ಅದನ್ನೇ ಹೇಳಿದಳು.

ಹೆತ್ತೆ ಅಪ್ಪನ ಜೊತೆ ಮಾತು ಬಿಟ್ಟಳು. ಅವರು ಎದುರಿಗೆ ಕೂತಿದ್ದರೂ, "ನಿನ್ನ ಗಂಡನಿಗೆ ಹೇಳು, ಹಸುವಿಗೆ ಹುಲ್ಲಿಲ್ಲ ಅಂತ," ಎಂದು ಅಮ್ಮನಿಗೆ ಹೇಳುತ್ತಿದ್ದಳು. ಅಮ್ಮ ಅದನ್ನು ಅಪ್ಪನಿಗೆ ಹೇಳುತ್ತಿದ್ದಳು, ಅಪ್ಪ ಎದ್ದು ಹುಲ್ಲು ಹಾಕುತ್ತಿದ್ದರು. ಚಿಕ್ಕಪ್ಪ ಕಾಡಿನಿಂದ ಮರ ತಂದು ಹೊಸ ಕಡೆಗೋಲು ಕೆತ್ತಿದ. ಹಳೆಯದನ್ನು ಏನು ಮಾಡಬೇಕೆಂದು ಯಾರೂ ಹೇಳದೆ ಅದು ಆಲೂಗಡ್ಡೆಯ ಚೀಲಗಳ ಹಿಂದೆ ಸೇರಿತು. ಹೀಗೇ ಮಳೆಗಾಲ ಕಳೆಯಿತು. ಒಂದು ಸಂಜೆ ಮಾದಮ್ಮ ಬಂದು ಬಾಗಿಲಲ್ಲಿ ಕೂತು, ಗಿರಿಜೆಯನ್ನು ಅಷ್ಟು ದೂರ ಹೇಗೆ ಕಳಿಸಿದಿರಿ, ನಮ್ಮ ಹುಡುಗಿಯೂ ಹಠ ಹಿಡಿದಿದ್ದಾಳೆ ಎಂದಳು. ಗೋಡೆಯಾಚೆಯಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದ ಹೆಂಗಸು! ಹೆತ್ತೆ ಎಲೆ ಅಡಿಕೆ ಮೆಲ್ಲುತ್ತಿದ್ದಳು.

"ನಾನೇ ಕಳಿಸಿದ್ದು," ಅಂದಳು. "ಮಾಡಿ ತೋರಿಸು ಅಂದೆ. ಮಾಡಿದಳು. ತಿಂದು ನೋಡಿದೆ. ಕೈ ಶುದ್ಧವಾಗಿದೆ, ಹೋಗು ಅಂದೆ."

ನಾನು ಬಾಯಿ ತೆರೆದು ಅಪ್ಪನ ಕಡೆ ತಿರುಗಿದೆ. ಅವರು ಅಲ್ಲೇ ಕಿಟಕಿಯ ಹತ್ತಿರ ರೇಡಿಯೋಗೆ ಸೆಲ್ ಹಾಕುತ್ತಿದ್ದರು. ಆ ತಟ್ಟೆಯಲ್ಲಿದ್ದ ತುಂಡನ್ನು ನುಂಗಿದ ಮನುಷ್ಯ ಇಡೀ ಹಟ್ಟಿಯಲ್ಲಿ ಒಬ್ಬರೇ. ಅವರಿಗಿಂತ ಒಳ್ಳೆಯ ಸಾಕ್ಷಿ ನನಗೆ ಮುಂದೆ ಇಡೀ ವೃತ್ತಿಯಲ್ಲಿ ಸಿಕ್ಕಿಲ್ಲ.

"ಅಲ್ವಾ?" ಹೆತ್ತೆ ಕೇಳಿದಳು. ಅಮ್ಮನನ್ನು ಕೇಳಲಿಲ್ಲ, ನೇರವಾಗಿ ಅಪ್ಪನನ್ನೇ ಕೇಳಿದಳು.

"ಹೌದವ್ವೆ," ಅಪ್ಪ ಅಂದರು.

ಮಾದಮ್ಮ ಕೂಡ ತಲೆದೂಗಿದಳು. ನಾನು ಸಿಟ್ಟಿನಿಂದ ಎದ್ದು ಹೋದೆ. ಮಾರನೆಯ ದಿನ ಅಪ್ಪ ಹಸುವನ್ನು ಕಟ್ಟುತ್ತಿರುವಾಗ ಅವರನ್ನು ತಡೆದು ಕೇಳಿದೆ, ಸುಳ್ಳು ಯಾಕೆ ಹೇಳಿದಿರಿ ಎಂದು.

"ಅವಳು ರಜೆಗೆ ಬರೋದು ಈ ಮನೆಗೆ," ಎಂದರು. "ನಾನು ಕಳಿಸಿದ ಹುಡುಗಿ ಅಂದರೆ ಅವ್ವೆ ಬಾಗಿಲಲ್ಲಿ ಕೂತು ಮುಖ ತಿರುಗಿಸ್ತಾಳೆ. ತಾನೇ ಕಳಿಸಿದ್ದು ಅಂದರೆ ಕಾಲಿಗೆ ನೀರು ಕೊಡ್ತಾಳೆ. ನಿನಗೆ ಯಾವುದು ಬೇಕು?"

"ನಿಜ ಬೇಕು."

"ನಿಜ ನಿನಗೆ ಗೊತ್ತಲ್ಲ. ನೀನು ಇಟ್ಟುಕೋ," ಎಂದು ಹಗ್ಗ ಬಿಗಿದು ಹೋದರು.

ನನಗೆ ಆಗ ಒಪ್ಪಿಗೆಯಾಗಲಿಲ್ಲ. ಇವತ್ತಿಗೂ ಆಗಿಲ್ಲ. ಒಂದು ಮನೆಯ ನೆಮ್ಮದಿಗೆ ಒಬ್ಬ ಮನುಷ್ಯ ತಾನು ಮಾಡಿದ ಒಂದೇ ಒಂದು ದೊಡ್ಡ ಕೆಲಸವನ್ನು ಹೀಗೆ ಬೇರೆಯವರ ಹೆಸರಿಗೆ ಬರೆದುಕೊಟ್ಟರೆ, ಆಮೇಲೆ ಬರುವವರು ಅದನ್ನೇ ನಂಬುತ್ತಾರೆ. ಅಪ್ಪ ತೀರಿಹೋದಾಗಲೂ ಜನ ಅವರ ಬಗ್ಗೆ ಹೇಳಿದ್ದು ಸಾಧು ಮನುಷ್ಯ, ತಾಯಿಯ ಮಾತು ಒಂದು ದಿನವೂ ಮೀರಿದವರಲ್ಲ ಎಂದು. ಅಕ್ಕನಿಗೆ ಫೋನು ಮಾಡಿ ಹೇಳಿದರೆ, "ಹೋಗಲಿ ಬಿಡೇ, ನಿನಗೇನು ನಷ್ಟ?" ಎನ್ನುತ್ತಾಳೆ. ಹೆತ್ತೆ ಬದುಕಿರುವವರೆಗೂ ಆ ಕೇಕಿನ ರುಚಿ ನೋಡಲಿಲ್ಲ.

ಅಕ್ಕ ಮೊದಲ ರಜೆಗೆ ಬಂದ ದಿನ ಮಂಜು ದಟ್ಟವಾಗಿತ್ತು. ಅಪ್ಪ ಬಸ್ಸಿನ ತಿರುವಿಗೆ ಹೋಗಿ ಅವಳ ಪೆಟ್ಟಿಗೆ ಹೊತ್ತು ತಂದರು. ಅಕ್ಕ ಅವರ ಹಿಂದೆ, ಅಂಗಳದ ತುದಿಯಲ್ಲಿ ನಿಂತುಬಿಟ್ಟಳು. ಹೆತ್ತೆ ಆಗಲೇ ಚೊಂಬಿನಲ್ಲಿ ಬಿಸಿನೀರು ಹಿಡಿದು ಬಾಗಿಲಿಗೆ ಬಂದಿದ್ದಳು.

"ಏ ಮಾದಮ್ಮಾ! ಹೊರಗೆ ಬಂದು ನೋಡು, ನಾ ಕಳಿಸಿದ ಹುಡುಗಿ ಬಂದಳು!" ಎಂದು ಸಾಲಿನ ಕೊನೆಯ ಮನೆಗೂ ಕೇಳಿಸುವ ಹಾಗೆ ಕೂಗಿದಳು. ಬಗ್ಗಿ ಅಕ್ಕನ ಕಾಲಿಗೆ ನೀರು ಸುರಿದಳು. ಅಕ್ಕ ಅವಳ ಹೆಗಲು ಹಿಡಿದುಕೊಂಡು ಅಳತೊಡಗಿದಳು.

ನಾನು ಅಪ್ಪನ ಮುಖ ನೋಡಿದೆ. ಅವರು ಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟು, "ಒಳಗಿಡು, ಭಾರ ಇದೆ," ಎಂದರು.